ಬೀರುವಿನೊಳಗಿನ ದನಿ

ಗಡಿಯಾರದ ಅಂಗಡಿಯ ಮೇಲ್ಮಹಡಿ,
ಮಾರ್ಚ್ ೧೨, ಭಾನುವಾರ

ಪ್ರೀತಿಯ ಚಿನಕುರಳಿ,

ಹೇಗಿದ್ದೀಯ ಮರಿ? ಹೊಟ್ಟೆ ಸರಿಹೋಯಿತೇ? ಹಡಗು ಹತ್ತಿದ ಮೊದಲ ವಾರ ಬರೀ ನಿಂಬೆಹಣ್ಣು ಮೂಸಿಕೊಂಡು ಬದುಕಿದೆ ಎಂದು ಬರೆದಿದ್ದೆಯಲ್ಲ, ಅದನ್ನು ಕೇಳಿದ ಸಂಕಟಕ್ಕೆ ನಿಮ್ಮಜ್ಜಿ ನನಗೂ ಸರಿಯಾಗಿ ಊಟ ಹಾಕಲಿಲ್ಲ. ಈಗ ಇಂಜಿನ್ ಕೋಣೆಯ ಗದ್ದಲದಲ್ಲೇ ಒಳ್ಳೆಯ ನಿದ್ದೆ ಬರುತ್ತದೆ, ಸದ್ದು ನಿಂತರೆ ಎಚ್ಚರವಾಗುತ್ತದೆ ಎಂದಿದ್ದೀಯ. ಅದು ನನಗೆ ಚೆನ್ನಾಗಿ ಗೊತ್ತು. ಅಂಗಡಿಯಲ್ಲಿ ಗಡಿಯಾರಗಳೆಲ್ಲ ನಡೆಯುತ್ತಿರುವಾಗ ನನಗೆ ಒಂದರ ಸದ್ದೂ ಕೇಳಿಸುವುದಿಲ್ಲ. ಯಾವುದಾದರೂ ನಿಂತಿತೋ, ತಕ್ಷಣ ತಲೆ ಎತ್ತುತ್ತೇನೆ. ಯಂತ್ರದ ಹುಚ್ಚು ನಿನಗೆ ಯಾರ ಕಡೆಯಿಂದ ಬಂತು ಎಂಬುದು ನಿಮ್ಮಪ್ಪನಿಗೆ ಈಗಲಾದರೂ ಗೊತ್ತಾಗಲಿ. ಇಲ್ಲಿ ನಾವೆಲ್ಲ ಸೌಖ್ಯ. ನಿಮ್ಮಪ್ಪ ಅಮ್ಮ ಹೋದ ವಾರ ಬಂದುಹೋದರು. ನನ್ನ ಮಂಡಿ ಮೆಟ್ಟಿಲು ಇಳಿಯುವಾಗ ಗೊಣಗುತ್ತದೆ, ಹತ್ತುವಾಗ ಸುಮ್ಮನಿರುತ್ತದೆ. ಹಾಗಿದ್ದರೆ ಮೇಲೇ ಇದ್ದುಬಿಡಿ, ಅಂಗಡಿ ನಾನು ನೋಡ್ಕೋತೀನಿ ಎನ್ನುತ್ತಾಳೆ ಅಜ್ಜಿ.

ಈಗ ಸುದ್ದಿಗೆ ಬರುತ್ತೇನೆ. ನಿನ್ನ ಅಜ್ಜ ಈ ವಯಸ್ಸಿನಲ್ಲಿ ನಾಟಕದಲ್ಲಿ ಪಾರ್ಟು ಮಾಡಿದ. ನಗಬೇಡ, ಅಥವಾ ನಕ್ಕುಬಿಡು, ಊರೇ ನಕ್ಕಾಗಿದೆ. ನದಿಯ ಕಡೆ ಇಳಿಯುವ ರಸ್ತೆಯ ಕೊನೆಗೆ ಆ ದೊಡ್ಡ ಹಳೇ ಮನೆ ಇದೆಯಲ್ಲ, ಯಾವುದೋ ಕಾಲದ ವ್ಯಾಪಾರಿ ಕಟ್ಟಿಸಿದ್ದು, ಈಗ ಜನ ಟಿಕೆಟ್ ತೆಗೆದುಕೊಂಡು ನೋಡಲು ಹೋಗುವುದು. ನೀನು ಶಾಲೆಯವರ ಜೊತೆ ಹೋಗಿ ಮೆಟ್ಟಿಲಿನ ಕಂಬಿಗಳ ನಡುವೆ ತಲೆ ಸಿಕ್ಕಿಸಿಕೊಂಡದ್ದು ಅಲ್ಲೇ. ಅಂದು ನಿನ್ನ ತಲೆಗಿಂತ ಕಂಬಿಯ ಚಿಂತೆಯೇ ಹೆಚ್ಚು ಮಾಡಿದ ಮೇಲ್ವಿಚಾರಕಿ ಈಗಲೂ ಅಲ್ಲೇ ಇದ್ದಾರೆ. ಊರಿನವರು ಅವರಿಗೆ ಇಟ್ಟಿರುವ ಹೆಸರು ಮುಟ್ಟಬೇಡಿ ಮೇಡಂ. ಒಳ್ಳೆಯ ಹೆಂಗಸು, ಆದರೆ ನಾನು ವಾರಕ್ಕೊಮ್ಮೆ ಅಲ್ಲಿನ ಗಡಿಯಾರಗಳಿಗೆ ಕೀ ಕೊಡಲು ಹೋದಾಗಲೂ ಪಕ್ಕದಲ್ಲೇ ನಿಂತು, ನಾನು ಮುಟ್ಟುವುದನ್ನು ಹಲ್ಲು ಕಚ್ಚಿಕೊಂಡು ಸಹಿಸುತ್ತಾರೆ. ಮನೆಗೆ ಇನ್ನೂರು ವರ್ಷ ತುಂಬಿತು, ಏನಾದರೂ ಮಾಡಬೇಕು ಎಂದು ಅವರಿಗೆ ಆಸೆ. ಹುಡುಗಿಯರ ಶಾಲೆಯಲ್ಲಿ ಭೂಗೋಳ ಕಲಿಸುವ ಟೀಚರ್ ಒಬ್ಬರಿದ್ದಾರೆ, ನಾಟಕವೆಂದರೆ ಪ್ರಾಣ. ಅವರು ಹೋಗಿ, ಮನೆಯಷ್ಟೇ ಹಳೆಯ ನಗೆನಾಟಕವೊಂದಿದೆ, ಅದನ್ನು ಇಲ್ಲಿನ ನಡುಮನೆಯಲ್ಲೇ ಆಡೋಣ, ಪರದೆ ಬೇಡ, ರಂಗಮಂಚ ಬೇಡ, ಮನೆಯೇ ಮನೆಯ ಪಾರ್ಟು ಮಾಡಲಿ ಎಂದರು. ಮೇಡಂ ಒಪ್ಪಿದರು. ಒಪ್ಪಿದ ಮರುಗಳಿಗೆಯೇ ಷರತ್ತು ಶುರು: ಮೊಳೆ ಹೊಡೆಯುವಂತಿಲ್ಲ, ಗೋಡೆಗೆ ಒರಗುವಂತಿಲ್ಲ, ಕುರ್ಚಿ ಜರುಗಿಸುವಂತಿಲ್ಲ, ಕುಳಿತುಕೊಳ್ಳುವಂತೆ ನಟಿಸಬಹುದು, ಕುಳಿತುಕೊಳ್ಳುವಂತಿಲ್ಲ.

ನಾಟಕದ ಕಥೆ ಸಣ್ಣದು. ಮನೆಯವರ ಬೇಡಿಕೆಗಳಿಂದ ತಪ್ಪಿಸಿಕೊಳ್ಳಲು ಒಬ್ಬ ಮುದಿ ಸಾಹುಕಾರ ಕಿವುಡನಂತೆ ನಟಿಸುತ್ತಾನೆ. ಕಿವಿ ಕೇಳುವುದಿಲ್ಲವಲ್ಲ ಎಂದು ಎಲ್ಲರೂ ಅವನ ಎದುರಿಗೇ ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುತ್ತಾರೆ. ಎಲ್ಲವನ್ನೂ ಕೇಳಿಸಿಕೊಂಡು, ಮುಖದಲ್ಲಿ ಏನೂ ತೋರಿಸದೆ, ಬೈಗುಳಕ್ಕೆ ತಲೆದೂಗುತ್ತ ಕೂರುವುದು ಅವನ ಪಾಡು. ಮಗಳು ತನಗಿಷ್ಟವಾದ ಹುಡುಗನನ್ನು ಅಪ್ಪನ ಮುಂದೆಯೇ ಕೂರಿಸಿಕೊಂಡು ಮದುವೆಯ ಮಾತಾಡುತ್ತಾಳೆ. ಸಾಹುಕಾರನ ಪಾರ್ಟು ನಮ್ಮ ಹಲ್ಲಿನ ಡಾಕ್ಟರಿಗೆ. ಅವರ ಎದುರು ಬಾಯಿ ತೆರೆಯದವರು ಈ ಊರಿನಲ್ಲಿ ಇಲ್ಲ. ಹಾಗಾಗಿ ಅವರು ಬಾಯಿ ತೆರೆಯುವುದನ್ನು ನೋಡಬೇಕೆಂದು ಎಲ್ಲರಿಗೂ ಆಸೆ. ಮಗಳ ಪಾರ್ಟು ಬೇಕರಿಯವನ ಮಗಳಿಗೆ, ಹುಡುಗನ ಪಾರ್ಟು ಅಂಚೆಯಣ್ಣನಿಗೆ. ನನಗೆ ಕೊನೆಯಲ್ಲಿ ಬಂದು ಮದುವೆಯ ಕಾಗದಕ್ಕೆ ಸಹಿ ಹಾಕಿಸುವ ವಕೀಲನ ಪಾರ್ಟು. ನನ್ನ ಮಾತು ನಾಲ್ಕೇ ನಾಲ್ಕು. ಅದರಲ್ಲೂ ಕೊನೆಯದು, ಸಹಿ ಹಾಕುವ ಜಾಗ ತೋರಿಸಿ “ಇಲ್ಲಿ” ಎನ್ನುವುದು, ಅಷ್ಟೆ.

ಅಜ್ಜಿಗೆ ಬಂದದ್ದು ಪ್ರಾಂಪ್ಟರ್ ಕೆಲಸ. ಮರೆಯಲ್ಲಿ ಕುಳಿತು, ಮಾತು ಮರೆತವರಿಗೆ ಮೆಲ್ಲಗೆ ಎತ್ತಿಕೊಡುವುದು. ಆ ಕೆಲಸಕ್ಕೆ ಅವಳನ್ನು ಬಿಟ್ಟರೆ ಯಾರಿದ್ದಾರೆ ಹೇಳು. ಹರೆಯದಲ್ಲೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತು ಊರಿನ ಮಾತನ್ನೆಲ್ಲ ಆಚೆಯಿಂದ ಈಚೆಗೆ ದಾಟಿಸಿದವಳು. ಅವಳು ಪಿಸುಗುಟ್ಟಿದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ಬೆಳಗ್ಗೆ ಹಾಸಿಗೆಯಿಂದ ನನ್ನನ್ನು ಎಬ್ಬಿಸಲು ಅವಳು ಎಂದೂ ದನಿ ಏರಿಸಿದ್ದಿಲ್ಲ.

ಆದರೆ ನಡುಮನೆಯಲ್ಲಿ ಪರದೆಯೇ ಇಲ್ಲದ ಮೇಲೆ ಪ್ರಾಂಪ್ಟರ್ ಅಡಗುವುದೆಲ್ಲಿ? ಟೀಚರ್ ಕಣ್ಣು ಮೂಲೆಯ ಬೀರುವಿನ ಮೇಲೆ ಬಿತ್ತು. ಆಳೆತ್ತರದ ಮರದ ಬೀರು, ಹಿಂದೆ ಹಾಸಿಗೆ ಬಟ್ಟೆ ಇಡುತ್ತಿದ್ದದ್ದು, ಗಾಳಿಯಾಡಲಿ ಎಂದು ಬಾಗಿಲಿನಲ್ಲಿ ಹೂವಿನಾಕಾರದ ತೂತುಗಳನ್ನು ಕೊರೆದಿದ್ದಾರೆ. ಈಗ ಖಾಲಿ. ಮೇಡಂ ಮುಖ ಬಿಳಿಚಿಕೊಂಡಿತು. ಅಜ್ಜಿ ಏನೂ ವಾದಿಸಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬೀರುವಿನ ಮುಂದೆ ಈ ತುದಿಯಿಂದ ಆ ತುದಿಗೆ ನಡೆದಳು. ಆಮೇಲೆ ಮೇಡಂ ಕಡೆ ತಿರುಗಿ, ನೀವು ಇದರೊಳಗೆ ಯಾವತ್ತಾದ್ರೂ ಕೂತು ನೋಡಿದೀರಾ ಎಂದು ಕೇಳಿದಳು. ಮೇಡಂ ತಡವರಿಸಿ, ಇಲ್ಲ ಎಂದರು. ಅಜ್ಜಿ, ಆಸೆ ಆಗಿಲ್ವಾ ಎಂದಳು. ಆಗಿದೆ, ಇಷ್ಟು ವರ್ಷಾನೂ ಆಗಿದೆ ಎಂದುಬಿಟ್ಟರು ಮೇಡಂ. ಆಮೇಲೆ ಇಬ್ಬರೂ ಒಳಗೆ ಒಂದೊಂದು ಸಲ ಕೂತು ನೋಡಿದರು. ಮೆತ್ತೆ ಹಾಸಬೇಕು, ಕಾಲುಚೀಲ ಹಾಕಿರಬೇಕು, ದೀಪ ಹಚ್ಚುವಂತಿಲ್ಲ, ಬೇಕಾದರೆ ಸಣ್ಣ ಬ್ಯಾಟರಿ ಹಿಡಿದುಕೊಳ್ಳಬಹುದು ಎಂಬ ಕರಾರಿನ ಮೇಲೆ ಬೀರು ಅಜ್ಜಿಯದಾಯಿತು.

ಅಭ್ಯಾಸ ಶುರುವಾದ ಮೇಲೆ ಮನೆಯಲ್ಲೂ ಅದೇ ಗುಂಗು. ಸಂಜೆ ಅಂಗಡಿ ಮುಚ್ಚಿ ಮೇಲೆ ಬಂದು ಟೀ ಲೋಟ ಕೆಳಗಿಡುವುದರೊಳಗೆ ಅಜ್ಜಿ ನಾಟಕದ ಪುಸ್ತಕ ನನ್ನ ಕೈಗೆ ಕೊಟ್ಟು, ಓದಿ ಎನ್ನುವಳು. ನನ್ನ ಮಾತು ನಾಲ್ಕೇ ಕಣೇ ಎಂದರೆ, ನಾಲ್ಕಾದ್ರೂ ಸರಿ, ಎಲ್ಲಿ ಬರುತ್ತೆ ಅಂತ ಗೊತ್ತಿರ್ಬೇಡವಾ, ಮೊದಲಿಂದ ಓದಿ ಎನ್ನುವಳು. ನಾನು ಮೊದಲಿನಿಂದ ಓದುತ್ತಿದ್ದೆ. ಸಾಹುಕಾರನಿಗೆ ಗಡಸು ದನಿ, ಮಗಳಿಗೆ ತೆಳು ದನಿ, ಕೆಲಸದವಳಿಗೆ ಮೂಗಿನ ದನಿ. ಅವಳು ಬಟಾಣಿ ಸುಲಿಯುತ್ತಲೋ ಬಟ್ಟೆ ಮಡಿಸುತ್ತಲೋ ಕೇಳುತ್ತಿದ್ದಳು. ಎಲ್ಲಾದರೂ ಒಂದು ಸಾಲು ಹಾರಿಸಿದರೆ, ಹಾರಿಸಿದ್ರಿ ಎಂದು ತಲೆ ಎತ್ತದೆಯೇ ಹೇಳುವಳು. ಪಾಪ, ಗಂಡ ನಾಲ್ಕು ಜನರ ಮುಂದೆ ಮುಖಭಂಗ ಮಾಡಿಕೊಳ್ಳಬಾರದು ಎಂದು ನನ್ನನ್ನು ತಯಾರು ಮಾಡುತ್ತಿದ್ದಾಳೆ ಎಂದುಕೊಂಡು ನಾನು ಒಳಗೊಳಗೇ ಕರಗಿಹೋಗುತ್ತಿದ್ದೆ.

ಹೋದ ಭಾನುವಾರ ಮಧ್ಯಾಹ್ನ ಆಟ. ನಡುಮನೆ ತುಂಬಿ, ಮೆಟ್ಟಿಲ ಮೇಲೂ ಜನ ಕುಳಿತಿದ್ದರು. ಮೆಟ್ಟಿಲಿನ ಮೇಲೆ ಕೂರಲು ಅನುಮತಿ ಕೊಟ್ಟ ಮೇಡಂ ಸಂಕಟದಲ್ಲಿ ಅತ್ತಿತ್ತ ಓಡಾಡುತ್ತ ನೀರು ಕುಡಿಯುತ್ತಿದ್ದರು. ಅಜ್ಜಿ ಎಲ್ಲರಿಗಿಂತ ಮೊದಲೇ ಬೀರು ಸೇರಿದ್ದಳು. ನಾನು ವಕೀಲನ ಕೋಟು ಹಾಕಿಕೊಂಡು ಪಕ್ಕದ ಓಣಿಯಲ್ಲಿ, ಬಾಗಿಲ ಸಂದಿಯಿಂದ ನೋಡುತ್ತ ನಿಂತಿದ್ದೆ. ಮೊದಲ ಅಂಕ ಚೆನ್ನಾಗಿಯೇ ನಡೆಯಿತು. ನನ್ನ ಮಂಡಿಗೆ ಸುಸ್ತಾಗಿ ಓಣಿಯ ಬೆಂಚಿನ ಮೇಲೆ ಕೂರೋಣ ಎಂದು ಅಜ್ಜಿಯ ಶಾಲನ್ನು ಪಕ್ಕಕ್ಕೆ ಸರಿಸಿದೆ. ಶಾಲಿನ ಕೆಳಗೆ ನಾಟಕದ ಪುಸ್ತಕ, ಅದರ ಮೇಲೆ ಬ್ಯಾಟರಿ. ಒಳಗೆ ಅವಳು ಬರಿಗೈಯಲ್ಲಿ ಕುಳಿತಿದ್ದಾಳೆ. ಪುಸ್ತಕವನ್ನು ಬೀರುವಿನ ಬಾಗಿಲು ಸ್ವಲ್ಪ ತೆರೆದು ಹೇಗಾದರೂ ತೂರಿಸಬಹುದೇ ಎಂದು ಮೇಡಂ ಹತ್ತಿರ ಹೋಗಿ ಕಿವಿಯಲ್ಲಿ ಕೇಳಿದೆ. ಅವರು ನನ್ನನ್ನೇ ನೋಡಿದರು. ಮೆಲ್ಲಗೆ ಕೈಚೀಲ ತೆರೆದು ಒಂದು ದೊಡ್ಡ ಬೀಗದ ಕೈ ತೋರಿಸಿದರು. ದಿನಾ ಆ ಕೋಣೆ ದಾಟುವಾಗ ಬೀರುವಿನ ಬಾಗಿಲು ಸಡಿಲ ಕಂಡರೆ ಬೀಗ ತಿರುಗಿಸಿ ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಳ್ಳುವುದು ಅವರ ರೂಢಿ. ಅಂದೂ, ಜನ ಒಳಗೆ ಬರುವ ಗಲಾಟೆಯಲ್ಲಿ, ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡಿಬಿಟ್ಟಿದೆ. ನಿಮ್ಮಜ್ಜಿ ಬೀಗದೊಳಗೆ. ಬೀರು ಆಟ ನಡೆಯುವ ಜಾಗದಲ್ಲೇ, ಇಡೀ ಊರಿನ ಕಣ್ಣೆದುರಿಗೆ.

ಅದೇ ಹೊತ್ತಿಗೆ ಒಳಗೆ ಸದ್ದಡಗಿತು. ನಾನು ಓಡಿಬಂದು ಸಂದಿಗೆ ಕಣ್ಣಿಟ್ಟೆ. ಎರಡನೇ ಅಂಕ. ಮಗಳು ಮತ್ತು ಹುಡುಗ ಸಾಹುಕಾರನನ್ನು ಹಿಗ್ಗಾಮುಗ್ಗಾ ಆಡಿಕೊಂಡು ಮುಗಿಸಿದ್ದಾರೆ. ಈಗ ಅವನು ಜನರ ಕಡೆ ತಿರುಗಿ ತನ್ನ ಉದ್ದದ ಮಾತು ಹೇಳಬೇಕು. ಹಲ್ಲಿನ ಡಾಕ್ಟರು ತಿರುಗಿದರು, ಬಾಯಿ ತೆರೆದರು, ಹಾಗೇ ನಿಂತರು. ಹಣೆಯ ಮೇಲೆ ಬೆವರು. ಬೇಕರಿಯವನ ಮಗಳು ಕರವಸ್ತ್ರ ಹಿಂಡುತ್ತಿದ್ದಾಳೆ. ನಾನು ಕೈಯಲ್ಲಿ ಪುಸ್ತಕ ಹಿಡಿದು, ಆಯಿತು, ಮುಗಿಯಿತು ನಮ್ಮ ಕಥೆ ಎಂದುಕೊಂಡೆ. ಆಗ ಬೀರುವಿನೊಳಗಿಂದ, ಅಕ್ಷರ ಅಕ್ಷರ ಬಿಡಿಸಿಟ್ಟಂತೆ, ದನಿ ಬಂತು: “ಕಿವಿ ಇದ್ದಾಗ ಯಾರೂ ನನ್ನ ಹತ್ತಿರ ನಿಜ ಹೇಳಲಿಲ್ಲ.” ಬಾಗಿಲು ಮುಚ್ಚಿದೆಯಲ್ಲ ಎಂದು ಅವಳು ದನಿಯನ್ನು ಒಂದು ಎಳೆ ಏರಿಸಿದ್ದಾಳೆ, ಆ ಹಳೇ ಮರವೋ ವೀಣೆಯ ಹಾಗೆ ಅದನ್ನು ಮೆಟ್ಟಿಲಿನವರೆಗೂ ಮುಟ್ಟಿಸಿತು. ಮುಟ್ಟದೇ ಹೋದದ್ದು ಡಾಕ್ಟರಿಗೆ ಮಾತ್ರ. ಅವರು ಗಾಬರಿಯಲ್ಲಿ, ಇಷ್ಟು ದಿನದ ಅಭ್ಯಾಸಬಲದಿಂದ, ಕಿವಿಗೆ ಕೈ ಇಟ್ಟುಕೊಂಡು “ಆಂ? ಏನಂದ್ರಿ?” ಎಂದರು. ಒಂದಿಬ್ಬರು ಕಿಸಕ್ಕೆಂದರು. ಬೀರು ಮತ್ತೊಮ್ಮೆ ಹೇಳಿತು. ಅಷ್ಟರಲ್ಲಿ ಡಾಕ್ಟರಿಗೆ ಎಲ್ಲಿಂದ ಧೈರ್ಯ ಬಂತೋ, ನೇರ ಬೀರುವಿನ ಮುಂದೆ ಹೋಗಿ ನಿಂತು “ಸ್ವಲ್ಪ ಜೋರಾಗಿ ಹೇಳಮ್ಮಾ, ನಾನು ಕಿವುಡ” ಎಂದರು. ಜನ ನಗಲು ಶುರುಮಾಡಿದರು. ಆಗ ನಿಮ್ಮಜ್ಜಿ ಏನು ಮಾಡಿದಳು ಗೊತ್ತೇ? ಎಕ್ಸ್‌ಚೇಂಜಿನ ಹಳೇ ದನಿಯನ್ನು ಹೊರತೆಗೆದು, “ಹಲೋ, ಕೇಳಿಸ್ತಾ ಇದೆಯಾ? ಲೈನಲ್ಲೇ ಇರಿ” ಎಂದಳು.

ಮರಿ, ಆ ಮನೆ ಇನ್ನೂರು ವರ್ಷದಲ್ಲಿ ಅಂಥ ನಗು ಕೇಳಿರಲಿಕ್ಕಿಲ್ಲ. ಅಂಚೆಯಣ್ಣ ತಾನು ನಾಟಕದಲ್ಲಿದ್ದೇನೆ ಎಂಬುದನ್ನೇ ಮರೆತು ನೆಲದ ಮೇಲೆ ಕುಳಿತುಬಿಟ್ಟ. ಬೇಕರಿಯವನ ಮಗಳು ಗೋಡೆಯ ಕಡೆ ತಿರುಗಿ ನಿಂತಳು, ಹೆಗಲು ಕುಣಿಯುತ್ತಿತ್ತು. ಆಮೇಲೆ ಡಾಕ್ಟರಿಗೆ ಭಯವೇ ಹೋಯಿತು. ಮಾತು ನೆನಪಿದ್ದರೂ ಬೇಕೆಂತಲೇ ಬೀರುವಿನ ಹತ್ತಿರ ಹೋಗಿ ಬಾಗಿಲು ಮುಟ್ಟದೆ ಗಾಳಿಯಲ್ಲೇ ತಟ್ಟಿದಂತೆ ಮಾಡಿ, ನನಗೇನಾದ್ರೂ ಸುದ್ದಿ ಇದೆಯಾ ಎಂದು ಕೇಳುವರು. ಅಜ್ಜಿ ಮುಂದಿನ ಮಾತು ಕೊಡುವಳು. ಮುಟ್ಟಬೇಡಿ ಮೇಡಂ ನನ್ನ ಪಕ್ಕದಲ್ಲಿ ಓಣಿಯ ಗೋಡೆಗೆ ಒರಗಿಕೊಂಡು, ಹೌದು, ಒರಗಿಕೊಂಡು, ಕಣ್ಣೀರು ಬರುವಂತೆ ನಗುತ್ತಿದ್ದರು. ನಾನು ಮಾತ್ರ ಪುಸ್ತಕ ತೆರೆದು ಬೆರಳಿಟ್ಟು ನೋಡುತ್ತಿದ್ದೆ. ಮೂರನೇ ಅಂಕದಲ್ಲಿ ಕೆಲಸದವಳು ತಡವರಿಸಿದಳು, ಅವಳಿಗೂ ಬಂತು ಮಾತು. ಹುಡುಗ ಎಡವಿದ, ಅವನಿಗೂ ಬಂತು. ಒಂದು ಪದ ಆಚೀಚೆ ಇಲ್ಲ. ಕೊನೆಗೆ ನಾನು ಹೋಗಿ ನಿಂತೆ. ಮೂರು ಮಾತು ಹೇಳಿದೆ. ನಾಲ್ಕನೆಯದು ಬಾಯಿಗೆ ಬರಲೇ ಇಲ್ಲ. ಬೀರು ತುಂಬ ಸಮಾಧಾನದಿಂದ, “ಇಲ್ಲಿ” ಎಂದಿತು.

ಆಟ ಮುಗಿದರೂ ಯಾರೂ ಏಳಲಿಲ್ಲ, ಬೀರುವಿನೊಳಗಿರುವವರನ್ನು ನೋಡಬೇಕು ಎಂದು ಕುಳಿತರು. ಮೇಡಂ ಬೀಗದ ಕೈ ಹಾಕಿದರೆ ಅದು ತಿರುಗಲೊಲ್ಲದು. ನಾನು ಜೇಬಿನಲ್ಲಿದ್ದ ಗಡಿಯಾರದ ಎಣ್ಣೆಯ ಸಣ್ಣ ಶೀಸೆ ತೆಗೆದು, ಎರಡು ತೊಟ್ಟು ಬಿಟ್ಟು, ಇಡೀ ಊರಿನ ಎದುರಿಗೆ ಬೆವರುತ್ತ ಬೀಗ ಸಡಿಲಿಸುತ್ತಿದ್ದರೆ, ಒಳಗಿಂದ ಇವಳು, ನಿಧಾನವಾಗಿ ಮಾಡಿ, ಒಳಗೆ ಚೆನ್ನಾಗಿದೆ ಎನ್ನುತ್ತಿದ್ದಾಳೆ. ಬಾಗಿಲು ತೆರೆದಾಗ ತಲೆತುಂಬ ಧೂಳು, ಕಾಲಲ್ಲಿ ನನ್ನ ಕಾಲುಚೀಲ. ಚಪ್ಪಾಳೆ ನಿಲ್ಲಲೇ ಇಲ್ಲ. ಅವಳು ಜನರ ಕಡೆ ನೋಡಿ ನಗುತ್ತ ಕೈ ಮುಗಿದಳು. ಕೈ ಮುಗಿದದ್ದು ಸ್ವಲ್ಪ ಎಡಕ್ಕೆ, ಯಾರೂ ಇಲ್ಲದ ಕಿಟಕಿಯ ಕಡೆಗೆ. ಬೆಳಕಿಗೆ ಬಂದ ಕೂಡಲೇ ಹಾಗಾಗಿರಬೇಕು ಎಂದುಕೊಂಡೆ. ಆದರೆ ಮನಸ್ಸಿಗೆ ಏನೋ ಕೊರೆಯತೊಡಗಿತು.

ದಾರಿಯಲ್ಲಿ ನಡೆದು ಬರುತ್ತ ಕೇಳಿದೆ, ಪುಸ್ತಕ ಹೊರಗೇ ಮರೆತೆಯಲ್ಲೇ ಎಂದು. ಮರೆತಿಲ್ಲ, ತಗೊಂಡು ಹೋಗ್ಲಿಲ್ಲ ಅಷ್ಟೆ, ತಗೊಂಡು ಹೋಗಿದ್ರೂ ಏನು ಪ್ರಯೋಜನ ಎಂದಳು. ಆಮೇಲೆ ಹೇಳಿದಳು. ಅಕ್ಷರಗಳು ಮೊದಮೊದಲು ಇರುವೆ ಸಾಲಿನ ಹಾಗೆ ಅಲುಗಾಡುತ್ತಿದ್ದವಂತೆ, ಆಮೇಲೆ ಹೊಗೆ ಕವಿದಂತಾಯಿತಂತೆ. ಈಗ ಎದುರಿಗೆ ಬರುವವರು ಯಾರೆಂದು ನಡಿಗೆಯಿಂದ, ಕೆಮ್ಮಿನಿಂದ ಗೊತ್ತು ಮಾಡಿಕೊಳ್ಳುತ್ತಾಳಂತೆ. ಹಾಗಾದರೆ ಆ ಇಡೀ ನಾಟಕ ಎಂದೆ. ನೀವೇ ಅಲ್ವಾ ದಿನಾ ಓದಿ ಹೇಳಿದ್ದು ಎಂದಳು. ನನ್ನ ನಾಲ್ಕು ಮಾತಿಗಾಗಿ ಓದಿಸುತ್ತಿದ್ದಾಳೆ ಎಂದು ನಾನು ಉಬ್ಬುತ್ತಿದ್ದೆನಲ್ಲ, ಅವಳು ಬಟಾಣಿ ಸುಲಿಯುತ್ತ ನನ್ನ ಬಾಯಿಂದ ಮೂರು ಅಂಕದ ನಾಟಕವನ್ನೂ ಕಿವಿಯಲ್ಲೇ ಇಳಿಸಿಕೊಂಡುಬಿಟ್ಟಿದ್ದಳು. ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಒಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಕೂದಲಿಗಿಂತ ತೆಳುವಾದ ಸ್ಪ್ರಿಂಗಿನ ಸೊಟ್ಟ ಹಿಡಿಯುವ ಕಣ್ಣು ನನ್ನದು, ಎದುರಿಗೇ ಕುಳಿತವಳ ಕಣ್ಣಿನ ಮಬ್ಬು ಅದಕ್ಕೆ ಕಾಣಲಿಲ್ಲ.

ಯಾಕೆ ಮುಚ್ಚಿಟ್ಟೆ ಎಂದು ಕೋಪದಿಂದಲೇ ಕೇಳಿದೆ. ಹೇಳಿದ್ರೆ ನೀವು ನನ್ನ ಕೈ ಹಿಡ್ಕೊಂಡು ನಡೆಸ್ತೀರಿ, ಮಗ ಬಂದು ಗಂಟುಮೂಟೆ ಕಟ್ಟಿಸ್ತಾನೆ, ಟೀಚರ್ ಪಾಪ ನೋಯಿಸದ ಹಾಗೆ ಇನ್ನೊಬ್ಬಳನ್ನ ಕೂರಿಸ್ತಾರೆ ಎಂದಳು. ಇದೊಂದು ನಾಟಕ ಮುಗೀಲಿ, ಆಮೇಲೆ ಹೇಳೋಣ ಅಂತಿದ್ದೆ ಎಂದಳು. ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕುಳಿತು, ನನ್ನ ಕೈಯನ್ನು ತಾನೇ ಹಿಡಿದುಕೊಂಡಳು. ಆ ಹೊತ್ತಿಗೆ ಹಲ್ಲಿನ ಡಾಕ್ಟರು ಸಾಹುಕಾರನ ವೇಷದಲ್ಲೇ ಸೈಕಲ್ ತುಳಿದುಕೊಂಡು ಹೋಗುತ್ತ “ಹಲೋ, ಕೇಳಿಸ್ತಾ ಇದೆಯಾ” ಎಂದು ಕೂಗಿದರು. ರಾಂಗ್ ನಂಬರ್ ಎಂದಳು ಅಜ್ಜಿ.

ಹೆದರಬೇಡ ಮರಿ. ಮಂಗಳವಾರ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಚೆನ್ನಾಗಿಯೇ ಬಲಿತಿದೆ, ಬೇರೆ ತೊಂದರೆ ಏನಿಲ್ಲ, ಒಂದಾದ ಮೇಲೆ ಒಂದು ತೆಗೆದರೆ ಮೊದಲಿನಂತೆ ಕಾಣುತ್ತದೆ ಎಂದರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಗದರಿದರು. ನಾಟಕ ಇತ್ತು ಎಂದಳು ಅಜ್ಜಿ. ಅವರೂ ನಾಟಕ ನೋಡಿದ್ದರಂತೆ. ಬೀರುವಿನ ಅಮ್ಮ ನೀವೇನಾ ಎಂದು ಎದ್ದು ನಿಂತರು. ಮುಟ್ಟಬೇಡಿ ಮೇಡಂ ಮತ್ತೊಂದು ಆಟ ಬೇಕೇ ಬೇಕು ಎಂದು ಹಟ ಹಿಡಿದಿದ್ದಾರೆ. ಬೀರುವಿಲ್ಲದೆ ಬೇಡ, ಅಜ್ಜಿಯಿಲ್ಲದೆ ಬೀರು ಬೇಡ ಎಂದು ಟೀಚರಿಗೆ ಹೇಳಿ ಕಳಿಸಿದ್ದಾರೆ. ಅಜ್ಜಿಯದು ಒಂದೇ ಷರತ್ತು, ಬೀಗದ ಕೈ ತನ್ನ ಸೊಂಟದಲ್ಲಿರಬೇಕು. ಮೇಡಂ ಒಂದು ದಿನ ಯೋಚಿಸಿ ಒಪ್ಪಿದರು.

ಕಣ್ಣಿನ ವಿಷಯ ನಿನಗೆ ಬರೆಯಕೂಡದು, ನೀರಿನ ಮೇಲಿರುವ ಮಗು, ಸುಮ್ಮನೆ ಕೊರಗುತ್ತೆ ಎಂದು ಅಜ್ಜಿ ಅಪ್ಪಣೆ ಮಾಡಿದ್ದಾಳೆ. ಕೊರಗುವ ಮಗುವಲ್ಲ ನೀನು ಎಂದು ನನಗೆ ಗೊತ್ತು, ಅದಕ್ಕೇ ಬರೆದೆ. ಹೊಟ್ಟೆ ತುಂಬ ಉಣ್ಣು. ಯಂತ್ರದ ಹತ್ತಿರ ಸಡಿಲ ತೋಳಿನ ಅಂಗಿ ಹಾಕಬೇಡ. ನಿನ್ನ ಜೊತೆಯವರಿಗೆಲ್ಲ ನಾನು ಕೇಳಿದೆ ಎಂದು ಹೇಳು. ಹೋದ ಕಡೆಯೆಲ್ಲ ನಿನಗೆ ಒಳ್ಳೆಯ ಗಾಳಿ ಬೀಸಲಿ, ಒಳ್ಳೆಯ ಜನ ಸಿಗಲಿ.

ಇಂತು ನಿನ್ನ
ವಕೀಲ ಅಜ್ಜ

ತಾ.ಕ.: ಅಜ್ಜಿ ಕೆಳಗೆ ಹಾಲಿನವನ ಹತ್ತಿರ ಮಾತಾಡುತ್ತಿದ್ದಾಳೆ, ಬರುವುದರೊಳಗೆ ಇಷ್ಟು ಬರೆದುಬಿಡುತ್ತೇನೆ. ಮೊದಲ ಕಣ್ಣಿನ ಆಪರೇಷನ್ ಈ ವಾರವೇ ಮಾಡಬಹುದು ಎಂದಿದ್ದರು ಡಾಕ್ಟರು. ಅಜ್ಜಿ ಒಪ್ಪದೆ ಮುಂದಿನ ತಿಂಗಳ ಮೊದಲ ವಾರಕ್ಕೆ ಹಾಕಿಸಿಕೊಂಡಳು. ಯಾಕೆ ಎಂದು ಎಷ್ಟು ಕೇಳಿದರೂ ಹೇಳಲಿಲ್ಲ. ನಿನ್ನೆ ಅವಳಿಗೆ ಗೊತ್ತಿಲ್ಲದೆ ಹೋಗಿ ಡಾಕ್ಟರನ್ನೇ ವಿಚಾರಿಸಿದೆ. ಅಂದು ನಾನು ದುಡ್ಡು ಕಟ್ಟಲು ಹೊರಗೆ ಹೋಗಿದ್ದಾಗ, ಪಟ್ಟಿ ಬಿಚ್ಚಿದಾಗ ಮೊದಲು ಯಾರನ್ನು ನೋಡಬೇಕಮ್ಮ ಎಂದು ಅವರು ತಮಾಷೆಗೆ ಕೇಳಿದ್ದರಂತೆ. ಇವರನ್ನ ಬೇಕಾದಷ್ಟು ನೋಡಿದೀನಿ, ಮೊಮ್ಮಗಳ ಹಡಗು ಆ ವಾರ ಬರುತ್ತೆ ಎಂದಳಂತೆ. ನಿನ್ನನ್ನು ಬಾ ಎಂದು ಕರೆಯಲು ಅವಳಿಗೆ ಬಾಯಿಲ್ಲ. ನನಗಿದೆ. ಹಡಗು ಇಳಿದವಳು ಮನೆಗೆ ಬರಬೇಡ, ನೇರ ಆಸ್ಪತ್ರೆಗೆ ಬಾ. ಮುಖ ತೊಳೆದುಕೊಳ್ಳದಿದ್ದರೂ ಚಿಂತೆಯಿಲ್ಲ. ಅವಳ ಮಂಚದ ಎದುರಿಗೆ ನಿಂತುಕೋ. ನಾನು ಬಾಗಿಲ ಹೊರಗೆ ಇರುತ್ತೇನೆ. ನನ್ನ ಸರದಿ ಆಮೇಲೆ.